ದಾರಿ ಕಾಯುವವರು ಯಾರನ್ನು ಕೇಳುತ್ತಾರೆ?

ಅಫಜಲಪುರ ತಾಲ್ಲೂಕಿನ ಅತನೂರಿನಿಂದ ರೈತರೊಬ್ಬರು ತಮ್ಮ ತೊಗರಿಯ ಫೋಟೊ ತೆಗೆದು ಸೊಲ್ಲಾಪುರದ ವ್ಯಾಪಾರಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ ಅಂದುಕೊಳ್ಳೋಣ. ಬಸ್ಸು ಹಿಡಿದರೆ ಸೊಲ್ಲಾಪುರ ಕೆಲವೇ ತಾಸಿನ ದಾರಿ. ಫೋಟೊ ಆ ದಾರಿ ಹಿಡಿಯುವುದಿಲ್ಲ. ಟವರಿನಿಂದ ಮೊಬೈಲ್ ಕಂಪನಿಯ ಫೈಬರ್ ಹತ್ತಿ ಹೈದರಾಬಾದೋ ಮುಂಬೈಯೋ ಬೆಂಗಳೂರೋ ಸೇರಿ, ಅಲ್ಲಿ ವಾಟ್ಸ್‌ಆ್ಯಪ್‌ನ ಒಡೆತನ ಹೊಂದಿರುವ ಮೆಟಾ ಕಂಪನಿಯ ಜಾಲಕ್ಕೆ ದಾಟಿ, ಮತ್ತೆ ವ್ಯಾಪಾರಿಯ ಮೊಬೈಲ್ ಕಂಪನಿಯ ಜಾಲಕ್ಕೆ ಇಳಿದು, ಕೊನೆಗೆ ಅವರ ಫೋನಿಗೆ ಬರುತ್ತದೆ. ಅಷ್ಟರಲ್ಲಿ ಎರಡು ಮೂರು ಮಾಲೀಕರ ಜಾಲಗಳನ್ನು ಹಾದಾಗಿರುತ್ತದೆ. ಈ ದಾರಿ ಹೇಳಿದವರು ಯಾರು? ದಾರಿ ತಪ್ಪಿದರೆ ಗಮನಿಸುವವರು ಯಾರು? ಗಮನಿಸುವವರು ಎಲ್ಲಿ ನಿಂತು ನೋಡುತ್ತಾರೆ? ಮೊದಲ ಎರಡಕ್ಕೆ ಬೇಗ ಉತ್ತರ ಹೇಳಿ, ಮೂರನೆಯದರ ಹತ್ತಿರ ನಿಂತುಕೊಳ್ಳುತ್ತೇನೆ. ಈ ವಿಷಯಕ್ಕೆ ಹೊಸಬರಾದವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆ ಅದೇ.

ಅಂತರ್ಜಾಲಕ್ಕೆ ಒಬ್ಬ ಯಜಮಾನನಿಲ್ಲ. ತಮ್ಮ ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ 75,000ಕ್ಕೂ ಹೆಚ್ಚು ಜಾಲಗಳು ಒಂದಕ್ಕೊಂದು ಕೈ ಕೊಟ್ಟು ನಿಂತಿವೆ. ಇಂಥ ಪ್ರತಿ ಜಾಲಕ್ಕೂ ಒಂದು ನಂಬರ್ ಇರುತ್ತದೆ. ಈ ಕೆಲಸದಲ್ಲಿರುವವರು ಅದನ್ನು ಎಎಸ್ ನಂಬರ್ ಎನ್ನುತ್ತಾರೆ. ಬಿಎಸ್‌ಎನ್‌ಎಲ್‌ನದು 9829, ಏರ್‌ಟೆಲ್‌ನದು 9498, ಜಿಯೊದು 55836. ಶಿಕ್ಷಣ ಸಂಸ್ಥೆಗಳಿಗಾಗಿ ಹುಟ್ಟಿದ ಅರ್ನೆಟ್‌ನದು 2697. ನಮ್ಮ ದೇಶದಲ್ಲಿ ಈ ನಂಬರುಗಳನ್ನೂ ಐಪಿ ವಿಳಾಸಗಳನ್ನೂ ಹಂಚುವ ಕೆಲಸವನ್ನು 2012ರಿಂದ ಐಆರ್‌ಐಎನ್‌ಎನ್ ಮಾಡುತ್ತಿದೆ. ಅದನ್ನು ನಡೆಸುವ ಸಂಸ್ಥೆ ನಿಕ್ಸಿ. 2003ರಲ್ಲಿ ಶುರುವಾದ ನಿಕ್ಸಿಗೆ ಬೆಂಗಳೂರಿನಲ್ಲೂ ಒಂದು ವಿನಿಮಯ ಕೇಂದ್ರವಿದೆ. ಬೇರೆ ಬೇರೆ ಕಂಪನಿಗಳ ಜಾಲಗಳು ಒಂದೇ ಜಾಗಕ್ಕೆ ಬಂದು ತಮ್ಮ ಊರಿನ ಸಂಚಾರವನ್ನು ನೇರವಾಗಿ ಅದಲುಬದಲು ಮಾಡಿಕೊಳ್ಳುವ ಕಟ್ಟೆ ಅದು.

ಈ ಜಾಲಗಳು ತಮ್ಮತಮ್ಮೊಳಗೆ ಮಾತಾಡುವ ಭಾಷೆ ಬಿಜಿಪಿ. 1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ಇಬ್ಬರು ಎಂಜಿನಿಯರುಗಳು ಊಟದ ಹೊತ್ತಿನಲ್ಲಿ ಕಾಗದದ ನ್ಯಾಪ್‌ಕಿನ್‌ಗಳ ಮೇಲೆ ಇದರ ನಕ್ಷೆ ಗೀಚಿದರು ಎಂಬುದು ಈ ದಂಧೆಯವರೆಲ್ಲ ಹೇಳುವ ಕಥೆ, ಮತ್ತು ಅದು ನಿಜ ಕೂಡ. ಆ ಭಾಷೆಯ ಸಾರ ಇಷ್ಟೇ: 'ಈ ಐಪಿ ವಿಳಾಸಗಳ ಗುಂಪು ನನ್ನಲ್ಲಿದೆ', 'ಆ ಗುಂಪಿಗೆ ಹೋಗಬೇಕಾದರೆ ನನ್ನ ಮೂಲಕ, ಆಮೇಲೆ ಇಂಥವರ ಮೂಲಕ ಹೋಗಬಹುದು' ಎಂದು ಪ್ರತಿ ಜಾಲದ ರೂಟರ್ ತನ್ನ ನೆರೆಯ ರೂಟರಿಗೆ ಹೇಳುತ್ತದೆ. ನೆರೆಯದು ಅದನ್ನು ಕೇಳಿ, ತನ್ನ ನಂಬರ್ ಸೇರಿಸಿ, ಮುಂದಿನವರಿಗೆ ದಾಟಿಸುತ್ತದೆ. ಹೀಗೆ ಬಾಯಿಂದ ಬಾಯಿಗೆ ಹರಡಿದ ಮಾತಿನಿಂದಲೇ ಪ್ರತಿ ದೊಡ್ಡ ರೂಟರಿನಲ್ಲೂ ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳಿಗೆ ಹೋಗುವ ಸುಮಾರು 10 ಲಕ್ಷ ದಾರಿಗಳ ಒಂದು ಪಟ್ಟಿ ತಯಾರಾಗುತ್ತದೆ. ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳ ಪಟ್ಟಿ ಬೇರೆ.

ಹೇಳಿದವರು ನಿಜ ಹೇಳಿದರೋ ಇಲ್ಲವೋ ಎಂದು ಪರೀಕ್ಷಿಸುವ ಏರ್ಪಾಡು ಮೂಲ ಬಿಜಿಪಿಯಲ್ಲಿ ಇರಲಿಲ್ಲ. ಈಚಿನ ವರ್ಷಗಳಲ್ಲಿ ಆರ್‌ಪಿಕೆಐ ಎಂಬ ಸಹಿ ವ್ಯವಸ್ಥೆ ಬಂದಿದೆ. ವಿಳಾಸದ ಒಡೆಯ ಯಾರು ಎಂಬುದನ್ನು ಅದು ತಾಳೆ ನೋಡುತ್ತದೆ. ನಡುವಿನ ದಾರಿ ಸರಿಯೇ ಎಂಬುದನ್ನು ನೋಡುವುದಿಲ್ಲ.

ತಪ್ಪು ಮಾತು ಹರಡಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲ ಪಾಠಗಳಲ್ಲೂ ಬರುವ ಉದಾಹರಣೆ 2008ರದು. ಪಾಕಿಸ್ತಾನ ಸರ್ಕಾರ ಯೂಟ್ಯೂಬ್ ಬಂದ್ ಮಾಡಲು ಹೇಳಿತು. ಪಾಕಿಸ್ತಾನ್ ಟೆಲಿಕಾಂ ತನ್ನ ಜಾಲದೊಳಗೆ ಯೂಟ್ಯೂಬಿನ ವಿಳಾಸಗಳನ್ನು ಕುರುಡು ಓಣಿಗೆ ತಿರುಗಿಸಿತು. ಒಳಗೇ ಇರಬೇಕಾಗಿದ್ದ ಆ ಮಾತು ಹೊರಗೆ ಸೋರಿತು. ನಮ್ಮ ಗಡಿಯಾರದಲ್ಲಿ ಫೆಬ್ರುವರಿ 25ರ ನಡುರಾತ್ರಿ ಕಳೆದು 12.17ಕ್ಕೆ 208.65.153.0/24 ಎಂಬ ಗುಂಪು ತನ್ನದೆಂದು ಪಾಕಿಸ್ತಾನ್ ಟೆಲಿಕಾಂ ಸಾರಿತು. ಅದರ ಮೇಲಿನ ಹಂತದ ಪಿಸಿಸಿಡಬ್ಲ್ಯೂ ಕಂಪನಿ ಆ ಮಾತನ್ನು ಸೋಸದೆ ಜಗತ್ತಿಗೆ ದಾಟಿಸಿತು. ಯೂಟ್ಯೂಬ್ ಸಾರುತ್ತಿದ್ದದ್ದು ಇದಕ್ಕಿಂತ ದೊಡ್ಡ ಗುಂಪನ್ನು. ಗುಂಪು ಚಿಕ್ಕದಾದಷ್ಟೂ ರೂಟರ್ ಅದನ್ನೇ ಹೆಚ್ಚು ನಿಖರ ಎಂದು ನಂಬುವುದರಿಂದ ಪಾಕಿಸ್ತಾನದ ಮಾತೇ ಗೆದ್ದಿತು. 1.37ಕ್ಕೆ ಯೂಟ್ಯೂಬ್ ತಾನೂ ಅದೇ ಚಿಕ್ಕ ಗುಂಪನ್ನು ಸಾರಿತು, 1.48ಕ್ಕೆ ಅದನ್ನೂ ಎರಡು ತುಂಡು ಮಾಡಿ ಸಾರಿತು. 2.31ಕ್ಕೆ ಪಿಸಿಸಿಡಬ್ಲ್ಯೂ ಸುಳ್ಳು ದಾರಿಗಳನ್ನು ಹಿಂದಕ್ಕೆ ತೆಗೆದುಕೊಂಡಿತು.

ನಿಮಿಷ ನಿಮಿಷದ ಈ ಲೆಕ್ಕ ನಮಗೆ ಸಿಕ್ಕದ್ದು ಹೇಗೆ? ಪಾಕಿಸ್ತಾನ್ ಟೆಲಿಕಾಂ ಬರೆದುಕೊಟ್ಟದ್ದಲ್ಲ, ಯೂಟ್ಯೂಬ್ ಬರೆದುಕೊಟ್ಟದ್ದೂ ಅಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಪ್ ಎನ್‌ಸಿಸಿ ಎಂಬ ಸಂಸ್ಥೆ 'ರಿಸ್' ಎಂಬ ಹೆಸರಿನಲ್ಲಿ 1999ರಿಂದ ಒಂದು ಸೇವೆ ನಡೆಸುತ್ತಿದೆ. ಅದರ ಕಂಪ್ಯೂಟರುಗಳು ನೂರಾರು ಜಾಲಗಳ ರೂಟರುಗಳ ಪಕ್ಕದಲ್ಲಿ ಕೂತು ಅವು ಹೇಳುವುದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳುತ್ತವೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರೂಟ್ ವ್ಯೂಸ್ ಇಂಥದೇ ಇನ್ನೊಂದು. ಇವೆರಡೂ ತಮ್ಮ ದಾಖಲೆಯನ್ನು ಯಾರು ಬೇಕಾದರೂ ನೋಡುವಂತೆ ಬಿಟ್ಟಿವೆ. ಹೀಗೆ ಕೇಳಿ ಬರೆದುಕೊಳ್ಳುವ ಕಂಪ್ಯೂಟರಿಗೆ ರೂಟ್ ಕಲೆಕ್ಟರ್ ಎಂದು ಹೆಸರು. ಅದಕ್ಕೆ ಮಾತು ಹೇಳುವ ಜಾಲವೇ ಅದರ ಪೀರ್.

ಒಂದು ವಿಷಯ ಇಲ್ಲಿ ಖಚಿತ ಮಾಡಿಕೊಳ್ಳಿ. ಕಲೆಕ್ಟರ್ ಮೂಲಕ ನಿಮ್ಮ ಫೋಟೊ ಹಾಯುವುದಿಲ್ಲ, ವಿಡಿಯೊ ಹಾಯುವುದಿಲ್ಲ, ಬ್ಯಾಂಕಿನ ಒಟಿಪಿ ಹಾಯುವುದಿಲ್ಲ. ಎರಡು ಕಂಪನಿಗಳು ಪೀರಿಂಗ್ ಮಾಡಿಕೊಂಡವು ಎಂದರೆ ಸಾಮಾನ್ಯವಾಗಿ ಸಂಚಾರ ಅದಲುಬದಲು ಮಾಡಿಕೊಂಡವು ಎಂದರ್ಥ. ಇಲ್ಲಿ ಅದಿಲ್ಲ. ಕಲೆಕ್ಟರ್ ಬರೀ ಕಿವಿ. ಪರೀಕ್ಷೆಗೆಂದು ಎರಡೆರಡು ತಾಸಿಗೊಮ್ಮೆ ಸಾರಿ, ಹಿಂತೆಗೆಯುವ ಕೆಲವು 'ಬೀಕನ್' ದಾರಿಗಳಂಥವನ್ನು ಬಿಟ್ಟರೆ ರಿಸ್ ತನ್ನ ಕಡೆಯಿಂದ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಕೇಬಲ್ ಎಷ್ಟು ದಪ್ಪ, ಎಷ್ಟು ಗಿಗಾಬಿಟ್ ಎಂಬ ಮಾತೇ ಇಲ್ಲಿ ಬರುವುದಿಲ್ಲ. ಯಾರ ಮಾತು ಕೇಳಬೇಕು ಎಂಬುದೊಂದೇ ವಿಚಾರ.

ಪಾಠದಲ್ಲಿ ಇಲ್ಲಿಗೆ ಬಂದಾಗ ಹುಡುಗರು ಕೇಳುವುದುಂಟು: 'ಸರ್, ಎಲ್ಲಾರಿಗಿ ಕೇಳಿದ್ರ ಆಯ್ತಲ್ರಿ?' ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಬಿಜಿಪಿಯ ಒಂದು ಗುಣ ತಿಳಿದಿರಬೇಕು. ರೂಟರಿಗೆ ಒಂದೇ ಊರಿಗೆ ಹೋಗುವ ನಾಲ್ಕು ದಾರಿ ಗೊತ್ತಿರಬಹುದು. ನೆರೆಯವರಿಗೆ ಹೇಳುವಾಗ ಮಾತ್ರ ತಾನು ಆರಿಸಿಕೊಂಡ ಒಂದನ್ನೇ ಹೇಳುತ್ತದೆ. ಉಳಿದ ಮೂರು ಅದರ ಹೊಟ್ಟೆಯಲ್ಲೇ ಉಳಿಯುತ್ತವೆ.

ದತ್ತ ಜಯಂತಿಗೆ ದೇವಲ ಗಾಣಗಾಪುರಕ್ಕೆ ಬರುವ ಜನರನ್ನು ನೆನಪಿಸಿಕೊಳ್ಳಿ. ಗಾಣಗಾಪುರಕ್ಕೆ ಎಷ್ಟು ದಾರಿ ಇವೆ ಎಂದು ನಕ್ಷೆಯಿಲ್ಲದೆ ತಿಳಿಯಬೇಕಾಗಿದೆ, ಬಂದವರನ್ನು ಕೇಳುವುದೊಂದೇ ಉಪಾಯ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರೂ ತಾವು ಬಂದ ದಾರಿಯನ್ನಷ್ಟೇ ಹೇಳುತ್ತಾರೆ, ಬರಬಹುದಾಗಿದ್ದ ದಾರಿಗಳನ್ನಲ್ಲ. ಕಲಬುರಗಿ ಬಸ್ಸಿನಿಂದ ಇಳಿದ ಐವತ್ತು ಜನರನ್ನು ಕೇಳಿದರೆ ನಿಮ್ಮ ಕೈಗೆ ಸಿಗುವುದು ಒಂದೇ ದಾರಿ, ಐವತ್ತು ಸಲ. ಅಕ್ಕಲಕೋಟೆ ಕಡೆಯಿಂದ ಬಂದ ಒಬ್ಬರನ್ನು ಕೇಳಿದರೆ ಹೊಸದೊಂದು ದಾರಿ. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿದು ಬಂದವರನ್ನು ಕೇಳಿದರೆ ಇನ್ನೊಂದು. ಪಕ್ಕದ ಎರಡು ಹಳ್ಳಿಗಳ ನಡುವೆ ಇರುವ ಹೊಲದ ದಾರಿ ಇದೆಯಲ್ಲ, ಅದನ್ನು ಹೇಳಬಲ್ಲವರು ಆ ಹಳ್ಳಿಯವರು ಮಾತ್ರ. ಹೈದರಾಬಾದಿನಿಂದ ಬಂದ ಸಾವಿರ ಜನರನ್ನು ಕೇಳಿದರೂ ಅದು ಸಿಗುವುದಿಲ್ಲ. ಕಲೆಕ್ಟರ್ ನಡೆಸುವವರ ಕಷ್ಟ ಪೂರ್ತಿ ಇದೇ.

ಹೊಲದ ದಾರಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ವಿಷಯದ ತಿರುಳು ಅಲ್ಲಿದೆ. ಜಾಲಗಳ ನಡುವೆ ಮುಖ್ಯವಾಗಿ ಎರಡು ಬಗೆಯ ಸಂಬಂಧ. ಒಂದರಲ್ಲಿ ಚಿಕ್ಕ ಜಾಲ ದೊಡ್ಡದಕ್ಕೆ ದುಡ್ಡು ಕೊಟ್ಟು ಇಡೀ ಜಗತ್ತಿನ ಸಂಪರ್ಕ ಪಡೆಯುತ್ತದೆ, ಇದು ಟ್ರಾನ್ಸಿಟ್. ಇನ್ನೊಂದರಲ್ಲಿ ಇಬ್ಬರು ಸಮಾನರು ಸಾಮಾನ್ಯವಾಗಿ ದುಡ್ಡಿಲ್ಲದೆ ತಂತಮ್ಮ ಗ್ರಾಹಕರ ಸಂಚಾರವನ್ನಷ್ಟೇ ಅದಲುಬದಲು ಮಾಡಿಕೊಳ್ಳುತ್ತಾರೆ, ಇದು ಪೀರಿಂಗ್. ಯಾರೂ ಪುಕ್ಕಟೆ ಇನ್ನೊಬ್ಬರ ಹೊರೆ ಹೊರುವುದಿಲ್ಲ. ಆದ್ದರಿಂದ ಸಮಾನರಿಂದ ಕೇಳಿದ ದಾರಿಯನ್ನು ಜಾಲವೊಂದು ತನ್ನ ಗ್ರಾಹಕರಿಗೆ ಮಾತ್ರ ಹೇಳುತ್ತದೆ. ಮೇಲಿನವರಿಗೆ ಹೇಳುವುದಿಲ್ಲ, ಇನ್ನೊಬ್ಬ ಸಮಾನರಿಗೂ ಹೇಳುವುದಿಲ್ಲ. ಬೆಂಗಳೂರಿನ ನಿಕ್ಸಿಯಲ್ಲಿ ಎರಡು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಗಳು ಕೈ ಕುಲುಕಿದರೆ ಆ ಕೊಂಡಿ ಕಾಣುವುದು ಆ ಇಬ್ಬರಿಗೆ ಮತ್ತು ಅವರ ಕೆಳಗಿನವರಿಗೆ. ನ್ಯೂಯಾರ್ಕಿನಲ್ಲಿರುವ ಜಗತ್ತಿನ ಅತಿ ದೊಡ್ಡ ಜಾಲಕ್ಕೂ ಅದು ಕಾಣದು. ಬುಡದಲ್ಲಿರುವ ಸಂಬಂಧಗಳು ತುದಿಯಿಂದ ಕಾಣುವುದಿಲ್ಲ ಎಂಬುದು ಹೊಸಬರಿಗೆ ಮೊದಲು ಒಪ್ಪಿಗೆಯಾಗುವುದಿಲ್ಲ. ಎತ್ತರದಲ್ಲಿ ನಿಂತವರಿಗೆ ಹೆಚ್ಚು ಕಾಣಬೇಕು ಎಂದೇ ನಮ್ಮ ಲೆಕ್ಕ.

ಹೀಗೆ ಕಾಣದೆ ಉಳಿದದ್ದು ಎಷ್ಟಿರಬಹುದು? 2012ರಲ್ಲಿ ಸಂಶೋಧಕರ ತಂಡವೊಂದು ಯುರೋಪಿನ ಒಂದೇ ಒಂದು ದೊಡ್ಡ ವಿನಿಮಯ ಕೇಂದ್ರದ ಒಳಗಿನ ಸಂಚಾರವನ್ನೇ ನೋಡಿ ಎಣಿಸಿತು. ಅಲ್ಲಿ 50,000ಕ್ಕೂ ಹೆಚ್ಚು ಪೀರಿಂಗ್ ಕೊಂಡಿಗಳು ಬಳಕೆಯಲ್ಲಿದ್ದವು. ಅಲ್ಲಿಯವರೆಗೆ ಇಡೀ ಅಂತರ್ಜಾಲದಲ್ಲಿ ಇಷ್ಟು ಪೀರಿಂಗ್ ಕೊಂಡಿಗಳಿರಬಹುದು ಎಂದು ಕಲೆಕ್ಟರುಗಳ ದಾಖಲೆಯಿಂದ ಹಾಕಿದ್ದ ಅಂದಾಜನ್ನೇ ಅದು ಮೀರಿಸಿತ್ತು. ನಕ್ಷೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿರಲಿಲ್ಲ.

ಇನ್ನು ಆಯ್ಕೆಯ ಮಾತಿಗೆ ಬರೋಣ. ಕಲೆಕ್ಟರ್ ನಡೆಸುವವರು ಮೊದಲು ಕೇಳುವುದು, ಪೂರ್ತಿ ಪಟ್ಟಿ ಕೊಡುತ್ತೀರಾ ಎಂದು. ವಿನಿಮಯ ಕೇಂದ್ರದಲ್ಲಿ ಸಮಾನರಂತೆ ಮಾತಾಡುವ ಜಾಲ ತನ್ನ ಮತ್ತು ತನ್ನ ಗ್ರಾಹಕರ ದಾರಿಗಳನ್ನು ಮಾತ್ರ ಹೇಳುತ್ತದೆ. ಅದು ಕೆಲವು ನೂರೋ ಕೆಲವು ಸಾವಿರವೋ ಇರಬಹುದು. ಕಲೆಕ್ಟರಿಗೆ ಬೇಕಾದದ್ದು ಆ ಜಾಲ ಜಗತ್ತನ್ನು ಹೇಗೆ ನೋಡುತ್ತದೆ ಎಂಬ ಪೂರ್ತಿ ಚಿತ್ರ, ಹತ್ತು ಲಕ್ಷ ದಾರಿಗಳೂ. ಅದಕ್ಕೇ ಅವರು 'ನಮ್ಮನ್ನು ಪೀರ್ ಎಂದು ಕರೆಯಿರಿ, ಆದರೆ ದಾರಿ ಹೇಳುವಾಗ ಗ್ರಾಹಕರಿಗೆ ಹೇಳಿದ ಹಾಗೆ ಎಲ್ಲವನ್ನೂ ಹೇಳಿ' ಎಂದು ಕೇಳಿಕೊಳ್ಳುತ್ತಾರೆ. ಒಪ್ಪುವವರು ಎಲ್ಲರೂ ಅಲ್ಲ. ಅರ್ಧ ಪಟ್ಟಿ ಕೊಡುವವರೂ ಪೀರ್‌ಗಳ ಸಂಖ್ಯೆಯಲ್ಲಿ ಸೇರಿರುತ್ತಾರೆ, ಆದ್ದರಿಂದ ಯಾವುದೇ ಸೇವೆ 'ನಮಗೆ ಇಷ್ಟು ನೂರು ಪೀರ್‌ಗಳಿದ್ದಾರೆ' ಎಂದರೆ ಪೂರ್ತಿ ಪಟ್ಟಿ ಕೊಡುವವರೆಷ್ಟು ಎಂದು ತಿರುಗಿ ಕೇಳುವುದು ಒಳ್ಳೆಯದು.

ಆಮೇಲಿನದು ಜಾಗ. ಮೊದಮೊದಲು ಕಲೆಕ್ಟರುಗಳನ್ನು ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಇಟ್ಟರು. ಲಂಡನ್, ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್, ನ್ಯೂಯಾರ್ಕ್. ಅಲ್ಲಿ ಒಂದೇ ಸ್ವಿಚ್ಚಿಗೆ ನೂರಾರು ಜಾಲಗಳು ಸಿಗುತ್ತವೆ, ಖರ್ಚು ಕಡಿಮೆ. ರಿಸ್‌ಗೆ ನಮ್ಮ ಎಡಬಲದಲ್ಲಿ ಸಿಂಗಪುರದಲ್ಲಿ ಒಂದು, ದುಬೈಯಲ್ಲಿ ಒಂದು ಕಲೆಕ್ಟರ್ ಇದೆ. ವಿನಿಮಯ ಕೇಂದ್ರಕ್ಕೆ ಬರಲಾಗದ ಜಾಲಗಳಿಗೆ ಇನ್ನೊಂದು ಬಾಗಿಲಿದೆ. ಮಲ್ಟಿಹಾಪ್ ಎನ್ನುವ ಆ ಏರ್ಪಾಡಿನಲ್ಲಿ ಬಿಜಿಪಿ ಮಾತುಕತೆ ಅಂತರ್ಜಾಲದ ಮೇಲೆಯೇ ದೂರದಿಂದ ನಡೆಯುತ್ತದೆ. ಕಲಬುರಗಿಯ ಜಾಲವೊಂದು ಆಮ್‌ಸ್ಟರ್‌ಡ್ಯಾಮಿನ ಕಲೆಕ್ಟರಿಗೆ ಇಲ್ಲಿಂದಲೇ ಪೀರ್ ಆಗಬಹುದು. ಕೇಬಲ್ ಹಾಕುವ, ರ್‍ಯಾಕ್ ಬಾಡಿಗೆ ಕೊಡುವ ತಾಪತ್ರಯವಿಲ್ಲ. ಸಂಚಾರವೇ ಹಾಯದ ಕೊಂಡಿಗೆ ದೂರ ಒಂದು ತೊಡಕಲ್ಲ. ನಡುವೆ ಎಲ್ಲೋ ಲೈನ್ ಕಡಿದರೆ ಮಾತು ನಿಲ್ಲುತ್ತದೆ ಎಂಬುದಷ್ಟೇ ಅದರ ಕೊರತೆ.

ಸುಲಭವಾಗಿ ಸಿಕ್ಕವರನ್ನು ಸೇರಿಸಿಕೊಳ್ಳುತ್ತ ಹೋದದ್ದರಿಂದ ಕಾಲು ಶತಮಾನದಲ್ಲಿ ಚಿತ್ರ ಓರೆಯಾಗಿದೆ. ಪೀರ್‌ಗಳಲ್ಲಿ ಯುರೋಪು ಮತ್ತು ಉತ್ತರ ಅಮೆರಿಕದವರೇ ಹೆಚ್ಚು. ಅದರಲ್ಲೂ ದೊಡ್ಡ ಟ್ರಾನ್ಸಿಟ್ ಕಂಪನಿಗಳು ಮತ್ತು ಹವ್ಯಾಸಕ್ಕೆ ಎಎಸ್ ನಂಬರ್ ಪಡೆದ ಉತ್ಸಾಹಿಗಳು. ರಿಸ್ ಮತ್ತು ರೂಟ್ ವ್ಯೂಸ್ ಎರಡನ್ನೂ ಕೂಡಿಸಿದರೂ ಮಾತು ಹೇಳುವ ಜಾಲಗಳು ಜಗತ್ತಿನ ಒಟ್ಟು ಜಾಲಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ಹಾಗೆಂದು ಬಂದವರನ್ನೆಲ್ಲ ಸೇರಿಸಿಕೊಂಡರೂ ಕೆಲಸ ಕೆಡುತ್ತದೆ. ಪ್ರತಿ ಪೀರ್ ದಿನವಿಡೀ ಬದಲಾವಣೆಗಳನ್ನು ಕಳಿಸುತ್ತಲೇ ಇರುತ್ತದೆ. ಅದನ್ನು ಬರೆದಿಡಬೇಕು, ವರ್ಷಗಟ್ಟಲೆ ಕಾಪಾಡಬೇಕು, ಸಂಶೋಧನೆ ಮಾಡುವ ವಿದ್ಯಾರ್ಥಿ ಅದನ್ನೆಲ್ಲ ಡೌನ್‌ಲೋಡ್ ಮಾಡಿ ಜರಡಿ ಹಿಡಿಯಬೇಕು. ಕಲಬುರಗಿ ಬಸ್ಸಿನ ಐವತ್ತು ಜನರ ಮಾತನ್ನು ಐವತ್ತು ಸಲ ಬರೆದಿಡುವುದರಿಂದ ಪುಸ್ತಕ ದಪ್ಪವಾಗುತ್ತದೆಯೇ ಹೊರತು ದಾರಿ ಹೆಚ್ಚುವುದಿಲ್ಲ.

ಆದ್ದರಿಂದ ಈಚೆಗೆ ಲೆಕ್ಕ ಬದಲಾಗಿದೆ. ಹೊಸ ಜಾಲವೊಂದು ಬಂದು ನಾನು ಪೀರ್ ಆಗುತ್ತೇನೆ ಎಂದರೆ, ಈಗಾಗಲೇ ಇರುವವರು ಹೇಳದೆ ಉಳಿದದ್ದನ್ನು ಇದು ಏನು ಹೇಳೀತು ಎಂದು ನೋಡುತ್ತಾರೆ. ಅದು ಕೊಡುವ ಪ್ರತಿ ದಾರಿಯಲ್ಲಿ ಬರುವ ಎಎಸ್ ನಂಬರುಗಳ ಸಾಲನ್ನು ಹಳೆಯ ಪೀರ್‌ಗಳು ಕೊಟ್ಟ ಸಾಲುಗಳ ಜೊತೆ ಇಟ್ಟು ಹೋಲಿಸುತ್ತಾರೆ. ಎಷ್ಟು ಕೊಂಡಿಗಳು ಹೊಸವು? ಇರುವ ಪೀರ್‌ಗಳಿಂದ ಇದು ಎಷ್ಟು ದೂರದಲ್ಲಿದೆ? ಒಬ್ಬ ಪೀರ್ ಕೂಡ ಇಲ್ಲದ ದೇಶ ಅಥವಾ ಪ್ರದೇಶದ್ದೇ? ಹಾಗೆಯೇ, ಆ ಜಾಲದ ಹಿಂದೆ ಎಷ್ಟು ಜನರಿದ್ದಾರೆ? ಈ ಕೊನೆಯ ಪ್ರಶ್ನೆಗೆ ಏಷ್ಯಾ-ಪೆಸಿಫಿಕ್ ಭಾಗದ ಎಪಿಎನ್‌ಐಸಿ ಸಂಸ್ಥೆ ಜಾಹೀರಾತುಗಳ ಮೂಲಕ ಅಳೆದು ಅಂದಾಜು ಕೊಡುತ್ತದೆ. ಆ ಅಂದಾಜಿನಲ್ಲಿ ಜಿಯೊ ಜಗತ್ತಿನ ಅತಿ ದೊಡ್ಡ ಜಾಲಗಳಲ್ಲಿ ಒಂದು. ಕೋಟಿಗಟ್ಟಲೆ ಜನರಿಗೆ ಅಂತರ್ಜಾಲ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ಅಂಥ ಜಾಲದ ಒಳಗಿನ ಮಾತೇ ಬೇಕು. ಸ್ವಿಟ್ಜರ್‌ಲೆಂಡಿನ ಹತ್ತು ಹೋಸ್ಟಿಂಗ್ ಕಂಪನಿಗಳು ಸೇರಿಯೂ ಅದನ್ನು ಹೇಳಲಾರವು.

ಬಗೆಯೂ ಮುಖ್ಯ. ಮನೆಗಳಿಗೆ ಸಂಪರ್ಕ ಕೊಡುವ ಜಾಲ ಒಂದು ಬಗೆ, ವಿಡಿಯೊ ಕಳಿಸುವ ಕಂಪನಿಯ ಜಾಲ ಇನ್ನೊಂದು ಬಗೆ, ವಿಶ್ವವಿದ್ಯಾಲಯಗಳದು ಮತ್ತೊಂದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇಂಥ ಸಂಸ್ಥೆಗಳನ್ನು ಬೆಸೆಯಲೆಂದೇ 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಸಂಶೋಧನಾ ಜಾಲಗಳು ದೇಶ ದೇಶಗಳ ನಡುವೆ ತಮ್ಮದೇ ಕೊಂಡಿಗಳನ್ನು ಇಟ್ಟುಕೊಂಡಿರುತ್ತವೆ. ವ್ಯಾಪಾರಿ ಜಾಲಗಳಿಗೆ ಅವು ಕಾಣುವುದಿಲ್ಲ. ಒಂದೇ ಜಿಲ್ಲೆಯಲ್ಲಿ ಮೊಬೈಲ್ ಕಂಪನಿಯ ಕಣ್ಣಿಗೆ ಒಂದು ಅಂತರ್ಜಾಲ, ವಿಶ್ವವಿದ್ಯಾಲಯದ ಕಣ್ಣಿಗೆ ಬೇರೊಂದು ಅಂತರ್ಜಾಲ.

ಪೀರ್‌ನ ನಡತೆಯನ್ನೂ ನೋಡುತ್ತಾರೆ. ಕೊಂಡಿ ದಿನಕ್ಕೆ ಹತ್ತು ಸಲ ಕಡಿದು ಹತ್ತಿದರೆ, ಪ್ರತಿ ಸಲವೂ ಹತ್ತು ಲಕ್ಷ ದಾರಿ ಮಾಯವಾಗಿ ಮತ್ತೆ ಬಂದ ಹಾಗೆ ದಾಖಲೆಯಲ್ಲಿ ಬರುತ್ತದೆ. ಜಗತ್ತು ಮುಳುಗಿತೋ, ಬರೀ ಆ ಪೀರ್‌ನ ಕರೆಂಟ್ ಹೋಯಿತೋ ಎಂದು ಓದುವವರು ತಲೆ ಕೆಡಿಸಿಕೊಳ್ಳಬೇಕು. ಕೆಲವರು ಒಳಗೆ ಮಾತ್ರ ಬಳಸಬೇಕಾದ ನಂಬರುಗಳನ್ನು ಹೊರಗೆ ಕಳಿಸುತ್ತಾರೆ. ಪ್ರಯೋಗಕ್ಕೆಂದು ಸುಳ್ಳು ದಾರಿ ಹೇಳುವ ಉತ್ಸಾಹಿಗಳೂ ಇದ್ದಾರೆ. ನನ್ನ ಮಟ್ಟಿಗೆ, ಬಾಯಿಬಡುಕರಾದ ಹತ್ತು ಪೀರ್‌ಗಳಿಗಿಂತ ಶಿಸ್ತಿನ ಒಬ್ಬ ಪೀರ್ ಮೇಲು.

ಎಷ್ಟೇ ಜಾಣತನದಿಂದ ಆರಿಸಿದರೂ ಬಗೆಹರಿಯದ ಒಂದು ಗಂಟಿದೆ. ರಿಸ್ ಮತ್ತು ರೂಟ್ ವ್ಯೂಸ್ ತಮ್ಮ ಪೀರ್‌ಗಳ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿವೆ. ದಾಖಲೆಯನ್ನು ನಂಬಬೇಕಾದರೆ ಹಾಗೆ ಇಡಲೇಬೇಕು. ಆದರೆ ದಾರಿ ಕದಿಯುವವನೂ ಆ ಪಟ್ಟಿ ಓದಬಲ್ಲ. ತನ್ನ ಸುಳ್ಳು ಮಾತು ಆ ಪೀರ್‌ಗಳವರೆಗೆ ಮುಟ್ಟದಂತೆ ಸಣ್ಣ ವಲಯದಲ್ಲೇ ಹರಡಿ ಕೆಲಸ ಮುಗಿಸಿಕೊಳ್ಳಬಲ್ಲ. ದುಡ್ಡು ತೆಗೆದುಕೊಂಡು ಕಾವಲು ಕಾಯುವ ಖಾಸಗಿ ಸೇವೆಗಳು ಕೆಲವು ಪೀರ್‌ಗಳ ಹೆಸರನ್ನು ಗುಟ್ಟಾಗಿ ಇಡುವುದು ಇದಕ್ಕೇ. ಯಾವುದು ಸರಿ? ನನಗೆ ಬಹಿರಂಗದ ದಾರಿಯೇ ಸರಿ ಎನಿಸುತ್ತದೆ, ಆದರೆ ಬ್ಯಾಂಕಿನ ಜಾಲ ಕಾಯುವವರು ಗುಟ್ಟಿನ ಪೀರ್‌ಗಳನ್ನೂ ಇಟ್ಟುಕೊಂಡರೆ ತಪ್ಪೆನ್ನಲಾರೆ.

ನಮ್ಮ ದೇಶದ ಕಂಪನಿಗಳೂ ಈ ದಾಖಲೆಗಳಲ್ಲಿ ಸಿಕ್ಕಿಬಿದ್ದಿವೆ. 2015ರ ನವೆಂಬರ್ 6ರಂದು ಏರ್‌ಟೆಲ್‌ನ 9498 ಬೇರೆಯವರ ಸುಮಾರು 16,000 ವಿಳಾಸ ಗುಂಪುಗಳನ್ನು ತನ್ನವೆಂದು ಸಾರಿತು. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ 55410 ಇದೇ ಬಗೆಯಲ್ಲಿ 30,000ಕ್ಕೂ ಹೆಚ್ಚನ್ನು ಸಾರಿತು. ಇಂಥ ದೊಡ್ಡ ಸೋರಿಕೆ ಜಗತ್ತಿನ ತುಂಬ ಹರಡುವುದರಿಂದ ಪೀರ್‌ಗಳು ಎಲ್ಲೇ ಇರಲಿ, ಕಾಣುತ್ತದೆ. ಮೈಸೂರಿನ ಒಂದು ಸಣ್ಣ ಜಾಲ ಪಕ್ಕದ ಇನ್ನೊಂದು ಸಣ್ಣ ಜಾಲದ ವಿಳಾಸವನ್ನು ತನ್ನದೆಂದು ಹೇಳಿ, ಆ ಮಾತು ಕರ್ನಾಟಕದೊಳಗೇ ಉಳಿದರೆ, ಸಿಂಗಪುರದ ಕಲೆಕ್ಟರಿಗೆ ಗೊತ್ತಾಗುವ ಖಾತ್ರಿಯಿಲ್ಲ. ಅದಕ್ಕೆ ಹತ್ತಿರದ ಕಿವಿಯೇ ಬೇಕು.

ಹತ್ತಿರದ ಕಿವಿಗೂ ಕೇಳದ್ದು ಇದೆ, ಅದನ್ನೂ ಹೇಳಿಬಿಡಬೇಕು. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಸರ್ಕಾರ ಅಂತರ್ಜಾಲ ಮುಚ್ಚಿದಾಗ ಅಲ್ಲಿನ ಜಾಲಗಳು ತಮ್ಮ ದಾರಿಗಳನ್ನೇ ಹಿಂತೆಗೆದುಕೊಂಡವು. ಸುಮಾರು 3,500 ದಾರಿಗಳು ಮಾಯವಾದದ್ದು ಕಲೆಕ್ಟರುಗಳಲ್ಲಿ ಸ್ಪಷ್ಟವಾಗಿ ಕಂಡಿತು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಎರಡು ದಿನ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಆದರೆ ನಮ್ಮಲ್ಲಿ ಇಂಥ ಬಂದ್ ನಡೆಯುವುದು ಮೊಬೈಲ್ ಕಂಪನಿಯ ಒಳಗೆ, ಜಿಲ್ಲೆಯ ಟವರುಗಳ ಮಟ್ಟದಲ್ಲಿ. ಕಂಪನಿಯ ವಿಳಾಸಗಳು ಜಗತ್ತಿಗೆ ಎಂದಿನಂತೆ ಸಾರಲ್ಪಡುತ್ತಲೇ ಇರುತ್ತವೆ. ಪೀರ್‌ಗಳನ್ನು ಎಷ್ಟು ಚೆನ್ನಾಗಿ ಆರಿಸಿದ್ದರೂ ರೂಟ್ ಕಲೆಕ್ಟರಿಗೆ ಇದು ತಿಳಿಯುವುದಿಲ್ಲ. ಅದಕ್ಕೆ ಬೇರೆ ಬಗೆಯ ಅಳತೆ ಬೇಕು.

ಒಂದೇ ದಾರಿ ಹೇಳುವ ಬಿಜಿಪಿಯ ಗುಣಕ್ಕೂ ಮದ್ದು ಹುಡುಕಿದ್ದಾರೆ. 2016ರಲ್ಲಿ ಬಂದ ಎರಡು ಮಾನದಂಡಗಳಲ್ಲಿ ಒಂದು, ಆ್ಯಡ್-ಪಾಥ್, ರೂಟರ್ ತನಗೆ ಗೊತ್ತಿರುವ ಇತರ ದಾರಿಗಳನ್ನೂ ಹೇಳುವಂತೆ ಮಾಡುತ್ತದೆ. ಇನ್ನೊಂದು, ಬಿಎಂಪಿ, ರೂಟರ್ ಸೋಸುವ ಮೊದಲು ಏನು ಕೇಳಿತ್ತು ಎಂಬುದನ್ನೇ ಕಲೆಕ್ಟರಿಗೆ ತೋರಿಸುತ್ತದೆ. ಒಬ್ಬ ಪೀರ್‌ನಿಂದಲೇ ಹೆಚ್ಚು ಕಾಣುತ್ತದೆ, ನಿಜ. ಆದರೆ ತನ್ನ ಒಳಮನೆಯನ್ನು ಇಷ್ಟು ತೆರೆದಿಡಲು ವ್ಯಾಪಾರದ ಜಾಲ ಹಿಂದೆಮುಂದೆ ನೋಡುತ್ತದೆ.

ಇನ್ನು ನಮ್ಮ ಕಲಬುರಗಿ ಭಾಗದ ಮಾತು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಬ್ರಾಡ್‌ಬ್ಯಾಂಡ್ ಕೊಡುವವರಲ್ಲಿ ಯಾರಿಗಾದರೂ ಸ್ವಂತ ಎಎಸ್ ನಂಬರ್ ಇದ್ದು, ಮೇಲಿನ ಒಂದೇ ಕಂಪನಿಯಿಂದ ಸಂಪರ್ಕ ಪಡೆದಿದ್ದರೆ, ಅವರ ಮಾತಿನಿಂದ ಕಲೆಕ್ಟರಿಗೆ ಹೆಚ್ಚೇನೂ ಸಿಗದು. ಆ ಮೇಲಿನ ಕಂಪನಿ ಹೇಳುವುದಕ್ಕೆ ಒಂದು ನಂಬರ್ ಸೇರಿದ್ದಷ್ಟೇ. ಎರಡು ಕಂಪನಿಗಳಿಂದ ಸಂಪರ್ಕ ಪಡೆದವರು, ಅಥವಾ ಬೆಂಗಳೂರಿನದೋ ಹೈದರಾಬಾದಿನದೋ ವಿನಿಮಯ ಕೇಂದ್ರಕ್ಕೆ ಕೈ ಹಾಕಿದವರು ಬೇರೆ ಲೆಕ್ಕ. ಅವರ ರೂಟರಿನಲ್ಲಿ ಬೇರೆಲ್ಲೂ ಕಾಣದ ಹೊಲದ ದಾರಿಗಳಿರುತ್ತವೆ. ಎಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯಗಳ ಜಾಲ ನೋಡಿಕೊಳ್ಳುವವರಿಗೂ ಇದೇ ಮಾತು. ಕಲೆಕ್ಟರಿಗೆ ದಾರಿಗಳ ಪಟ್ಟಿ ಕೊಡಲು ದುಡ್ಡು ಬೇಡ, ಹೊಸ ಕೇಬಲ್ ಬೇಡ. ರೂಟರಿನಲ್ಲಿ ಕೆಲವು ಸಾಲು ಸೇರಿಸಬೇಕು, ಆ ಕಡೆಯಿಂದ ಏನು ಬಂದರೂ ಸ್ವೀಕರಿಸಬೇಡ ಎಂದು ಒಂದು ಸಾಲು ಹೆಚ್ಚಿಗೆ ಬರೆಯಬೇಕು, ಐಪಿವಿ4 ಮತ್ತು ಐಪಿವಿ6 ಎರಡರ ಪೂರ್ತಿ ಪಟ್ಟಿಯನ್ನೂ ಕಳಿಸಬೇಕು. ರಿಸ್‌ಗೂ ರೂಟ್ ವ್ಯೂಸ್‌ಗೂ ಅರ್ಜಿ ಹಾಕಿ. ನಿಮ್ಮ ಜಾಲ ಎಲ್ಲಿದೆ, ಯಾರ ಯಾರ ಜೊತೆ ಪೀರಿಂಗ್ ಇದೆ ಎಂಬುದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಅವರು ನೋಡುವುದು ಅದನ್ನೇ.

ಎಎಸ್ ನಂಬರ್ ಇಲ್ಲದ ವಿದ್ಯಾರ್ಥಿಗಳು ರೈಪ್‌ಸ್ಟ್ಯಾಟ್ ಎಂಬ ಉಚಿತ ತಾಣ ತೆರೆದು ಬಿಎಸ್‌ಎನ್‌ಎಲ್‌ನ 9829 ಎಂದು ಟೈಪ್ ಮಾಡಲಿ. ಅಲ್ಲಿ ಸಿಗುವ ಒಂದು ಐಪಿ ಗುಂಪನ್ನು ಆರಿಸಿ ಅದೇ ತಾಣದ ಬಿಜಿಪ್ಲೇ ಎಂಬ ಸಲಕರಣೆಯಲ್ಲಿ ಹಾಕಿದರೆ, ಜಗತ್ತಿನ ಪೀರ್‌ಗಳಿಂದ ಆ ಗುಂಪಿಗೆ ಬರುವ ದಾರಿಗಳು ಬಣ್ಣದ ಗೆರೆಗಳಾಗಿ ಕಾಣುತ್ತವೆ. ಗೆರೆಗಳ ಹೊರತುದಿಯಲ್ಲಿರುವ ನಂಬರುಗಳನ್ನು ಒಂದೊಂದಾಗಿ ಹುಡುಕಿ, ಯಾವ ದೇಶದವರೆಂದು ಪಟ್ಟಿ ಮಾಡಿ. ಭಾರತದವರು ಎಷ್ಟು ಮಂದಿ ಎಂದು ನೀವೇ ಎಣಿಸಿ ನೋಡಿ.